ಹಬ್ಬದ ಮುಂಚಿನ ಇಸ್ರೇಲ್: ತಾಳ್ಮೆ, ಸಹನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಹಬ್ಬಗಳ ಮಾತು ಇದು? ಯಾವಾಗ ಬರುತ್ತವೆ?

ಮುಖ್ಯವಾಗಿ ಎರಡು ಕಾಲ. ಮೊದಲನೆಯದು ಯಹೂದಿ ಪಂಚಾಂಗದ ತಿಶ್ರೇ ಮಾಸದ ಹಬ್ಬಗಳ ಸಾಲು. 1 ಮತ್ತು 2ನೇ ದಿನ ಹೊಸ ವರ್ಷದ ರೋಶ್ ಹಶಾನಾ, 10ನೇ ದಿನ ಉಪವಾಸ ಮತ್ತು ಪ್ರಾಯಶ್ಚಿತ್ತದ ಯೋಮ್ ಕಿಪ್ಪೂರ್, 15ರ ಹುಣ್ಣಿಮೆಯಿಂದ ಚಪ್ಪರದ ಹಬ್ಬ ಸುಕ್ಕೋತ್, 22ಕ್ಕೆ ಧರ್ಮಗ್ರಂಥ ತೋರಾದ ಓದು ಮುಗಿಸಿ ಸಂಭ್ರಮಿಸುವ ಸಿಮ್ಖತ್ ತೋರಾ. ಎರಡನೆಯದು ವಸಂತದಲ್ಲಿ, ನಿಸಾನ್ ಮಾಸದ ಹುಣ್ಣಿಮೆಯಿಂದ ಏಳು ದಿನದ ಪೇಸಖ್, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಹಬ್ಬ.

ದಿನ ಶುರುವಾಗುವುದು ಹಿಂದಿನ ಸಂಜೆ ಸೂರ್ಯ ಮುಳುಗಿದಾಗ. 2026ರಲ್ಲಿ ರೋಶ್ ಹಶಾನಾ ಸೆಪ್ಟೆಂಬರ್ 11ರ ಸಂಜೆ, ಯೋಮ್ ಕಿಪ್ಪೂರ್ 20ರ ಸಂಜೆ, ಸುಕ್ಕೋತ್ 25ರ ಸಂಜೆ ಶುರು. ನಮ್ಮ ಪಂಚಾಂಗದ ಹಾಗೆ ಅವರದೂ ಚಂದ್ರನ ತಿಂಗಳು, ಸೂರ್ಯನ ವರ್ಷ. 19 ವರ್ಷಕ್ಕೆ 7 ಅಧಿಕಮಾಸ ಸೇರಿಸುತ್ತಾರೆ. ಅದಕ್ಕೇ ರೋಶ್ ಹಶಾನಾ ಕೆಲವು ವರ್ಷ ಗಣೇಶ ಚೌತಿಯ ಆಸುಪಾಸು, ಕೆಲವು ವರ್ಷ ನವರಾತ್ರಿಯ ಹೊತ್ತಿಗೆ ಬರುತ್ತದೆ. 2025ರಲ್ಲಿ ನವರಾತ್ರಿ ಶುರುವಾದ ಸೆಪ್ಟೆಂಬರ್ 22ರ ಸಂಜೆಯೇ ಅಲ್ಲಿ ಹೊಸ ವರ್ಷ ಹುಟ್ಟಿತು.

ತಾಳ್ಮೆಗೂ ಸಹಿಷ್ಣುತೆಗೂ ಹೀಬ್ರೂನಲ್ಲಿ ಒಂದೇ ಪದವೇ?

ಒಂದೇ ಅಲ್ಲ, ಆದರೆ ಒಡಹುಟ್ಟಿದವು. ತಾಳ್ಮೆ ಸವ್ಲಾನುತ್, ಸಹಿಷ್ಣುತೆ ಸೊವ್ಲಾನುತ್. ಸ್ವರಚಿಹ್ನೆ ಬಿಟ್ಟು ಬರೆದರೆ ನಡುವೆ ಒಂದು 'ವಾವ್' ಅಕ್ಷರದಷ್ಟೇ ವ್ಯತ್ಯಾಸ. ಎರಡರ ಧಾತುವಿನ ಅರ್ಥವೂ ಹೊರುವುದು. ಸೇವೆಲ್ ಎಂದರೆ ಯಾತನೆ, ಸಬಾಲ್ ಎಂದರೆ ಮೂಟೆ ಹೊರುವ ಹಮಾಲಿ. ಕನ್ನಡದಲ್ಲಿ ನಾವು ಬಳಸುವ ಸಹನೆ, ಸಹಿಷ್ಣುತೆಗಳೂ ಹೀಗೆಯೇ 'ಸಹ್' ಎಂಬ ಒಂದೇ ಬೇರಿನವು.

ಹಮಾಲಿಯ ಹೋಲಿಕೆ ಮನಸ್ಸಿನಲ್ಲಿರಲಿ. ಎಷ್ಟು ತೂಕ ಹೊರಬಲ್ಲೆ, ಯಾವ ಮೂಟೆ ತನ್ನದಲ್ಲ ಎನ್ನುವುದು ಅವನಿಗೆ ಗೊತ್ತಿರುತ್ತದೆ. ಸಾಲು, ವಿಳಂಬ, ಮುಗಿಯದ ಕೆಲಸ ಸವ್ಲಾನುತ್‌ನ ಮೂಟೆಗಳು. ಪಕ್ಕದ ಮನೆಯವರ ನಂಬಿಕೆ, ಊಟ, ಉಡುಪು ಸೊವ್ಲಾನುತ್‌ನವು. ಅಭ್ಯಾಸದ ದಾರಿ ಬೇರೆ ಬೇರೆ. ಇವನ್ನು ಕಲಸಿಕೊಂಡವರು ಬ್ಯಾಂಕಿನ ಸಾಲಿನಲ್ಲಿ ಶಾಂತವಾಗಿದ್ದು ಮೆಟ್ಟಿಲ ಮೇಲೆ ನೆರೆಯವರೊಡನೆ ಜಗಳಕ್ಕೆ ನಿಲ್ಲುತ್ತಾರೆ.

ಹಬ್ಬ ಹತ್ತಿರ ಬಂದಂತೆ ಎಲ್ಲರೂ ಯಾಕೆ ಸಿಡಿಮಿಡಿ?

ಸಮಯ ನಿಜಕ್ಕೂ ಕಡಿಮೆ ಇರುತ್ತದೆ. ತಿಶ್ರೇಯ ಸುಮಾರು ಮೂರು ವಾರದಲ್ಲಿ ಕೆಲಸದ ದಿನಗಳು ಚೂರುಚೂರು. ಹಬ್ಬದ ಮುನ್ನಾದಿನ ಹೆಚ್ಚಿನ ಅಂಗಡಿಗಳು ಮಧ್ಯಾಹ್ನ ಒಂದೆರಡು ಗಂಟೆಗೆಲ್ಲ ಬಾಗಿಲು ಹಾಕುತ್ತವೆ. ಮಧ್ಯಾಹ್ನ ಕಳೆದಂತೆ ಬಸ್ಸು, ರೈಲು ನಿಲ್ಲುತ್ತವೆ. ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲು, ಜೆರುಸಲೇಮಿನಲ್ಲಿ 40 ನಿಮಿಷ ಮೊದಲು, ದೀಪ ಹಚ್ಚಬೇಕು. ಈ ಗೆರೆ ಯಾರಿಗಾಗಿಯೂ ಜರುಗುವುದಿಲ್ಲ. ಅಡುಗೆ, ನೆಂಟರು, ರಸ್ತೆಯ ದಟ್ಟಣೆ ಎಲ್ಲವೂ ಅದರ ಹಿಂದೆ ಒತ್ತಿ ನಿಲ್ಲುತ್ತವೆ.

ಉಳಿದ ಕೆಲಸಕ್ಕೆಲ್ಲ ಒಂದೇ ಉತ್ತರ: 'ಅಖರೇ ಹಾಖಗೀಮ್', ಹಬ್ಬ ಮುಗಿದ ಮೇಲೆ. ಕೊಳಾಯಿ ರಿಪೇರಿಯವರು, ವಕೀಲರು, ಸರ್ಕಾರಿ ಗುಮಾಸ್ತರು, ದಂತವೈದ್ಯರ ಸಹಾಯಕರು ಎಲ್ಲರ ಬಾಯಲ್ಲೂ ಇದೇ. ಇದನ್ನು ಸೋಮಾರಿತನದ ನೆಪ ಎಂದು ತಿಳಿದರೆ ನಿಮ್ಮ ರಕ್ತದೊತ್ತಡ ಏರುವುದೇ ಲಾಭ. ಅದು ಆ ದೇಶದ ಕ್ಯಾಲೆಂಡರಿನಲ್ಲಿ ಅಚ್ಚಾಗದ ಒಂದು ತಾರೀಖು. ವೀಸಾ, ಬ್ಯಾಂಕು, ಮನೆ ಬಾಡಿಗೆ ಕರಾರು ಇದ್ದರೆ ತಿಶ್ರೇಗೆ ಹಿಂದಿನ ಎಲುಲ್ ಮಾಸದ ಮೊದಲ ಅರ್ಧದಲ್ಲೇ, ಎಂದರೆ 2026ರಲ್ಲಿ ಆಗಸ್ಟ್ 14ರಿಂದ 28ರೊಳಗೆ, ಮುಗಿಸಿಬಿಡಿ. ತಪ್ಪಿದರೆ 'ಅಖರೇ ಹಾಖಗೀಮ್' ಎಂದವರ ಹತ್ತಿರ ತಾರೀಖು ಕೇಳಿ: 'ಸರಿ, ಹಬ್ಬ ಮುಗಿದ ಮೇಲೆ ಯಾವ ದಿನ, ಎಷ್ಟು ಗಂಟೆಗೆ?' ಬರೆದುಕೊಳ್ಳುವುದು ಕಂಡರೆ ಅವರೂ ಬರೆದುಕೊಳ್ಳುತ್ತಾರೆ.

ಸಾಲಿನಲ್ಲಿ ನಿಂತಾಗ ಯಾರೋ ನುಗ್ಗಿದರೆ?

ಅಲ್ಲಿನ ಸಾಲು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ. ಒಳಗೆ ಬಂದ ಕೂಡಲೇ 'ಮಿ ಅಖರೋನ್?' ಎಂದು ಕೇಳಬೇಕು, ಕೊನೆಯವರು ಯಾರು ಎಂದು. ಯಾರೋ ಕೈ ಎತ್ತುತ್ತಾರೆ. ನೀವು ಅವರ ಹಿಂದೆ. ಮುಖ ನೆನಪಿಟ್ಟುಕೊಳ್ಳಿ, ಗಂಡಸಿಗೆ 'ಅನಿ ಅಖರೇಖಾ', ಹೆಂಗಸಿಗೆ 'ಅನಿ ಅಖರಾಯಿಖ್', ನಾನು ನಿಮ್ಮ ಹಿಂದೆ, ಎಂದು ಹೇಳಿ. ಆಮೇಲೆ ಕುಳಿತರೂ ಸರಿ, ಹೊರಗೆ ಹೋಗಿ ಬಂದರೂ ಸರಿ. ಇದನ್ನು ಕೇಳದೆ ಸುಮ್ಮನೆ ಗೋಡೆಗೊರಗಿದವರು ಎಷ್ಟು ಹೊತ್ತು ನಿಂತರೂ ಸಾಲಿನಲ್ಲಿಲ್ಲ. ಹೊಸಬರ ತಾಳ್ಮೆ ಹಾಳಾಗುವುದು ಹೆಚ್ಚಾಗಿ ಇಲ್ಲಿ. ಅವರು ಮೋಸ ಎಂದುಕೊಂಡದ್ದು ಅಲ್ಲಿನ ಸಾಲಿನ ಲೆಕ್ಕ.

ನಿಜವಾಗಿ ನುಗ್ಗುವವರೂ ಇದ್ದಾರೆ. ಅವರ ಮಂತ್ರ 'ರಕ್ ಶೆಎಲಾ', ಒಂದೇ ಒಂದು ಪ್ರಶ್ನೆ. ಆ ಪ್ರಶ್ನೆ ಮೂರು ಅರ್ಜಿಯಾಗಿ ಬೆಳೆಯುವುದುಂಟು. ಸುಮ್ಮನಿರುವುದೇ ತಾಳ್ಮೆ ಎಂದು ಹಲ್ಲು ಕಚ್ಚಿ ನಿಂತವರು ಹತ್ತು ನಿಮಿಷದ ಮೇಲೆ ಸಿಡಿಯುತ್ತಾರೆ. ಮೊದಲ ಸೆಕೆಂಡಿನಲ್ಲೇ, ದನಿ ಏರಿಸದೆ, 'ಯೇಶ್ ತೋರ್' ಎನ್ನಿ. ಸಾಲಿದೆ ಎಂದು ಅರ್ಥ. ಅಷ್ಟು ಸಾಕು, ಉಳಿದ ಗಲಾಟೆಯನ್ನು ಸಾಲಿನಲ್ಲಿದ್ದವರು ನೋಡಿಕೊಳ್ಳುತ್ತಾರೆ. 'ಫ್ರಾಯೆರ್', ಎಂದರೆ ಎಲ್ಲರೂ ತಲೆ ಸವರಿ ಹೋಗುವ ಪೆದ್ದ, ಆಗಬಾರದು ಎನ್ನುವುದು ಇಸ್ರೇಲಿಗಳ ದೊಡ್ಡ ಅಂಜಿಕೆ. ನಿಮ್ಮ ಒಂದು ಮಾತು ಅವರೆಲ್ಲರ ಮನಸ್ಸಿನ ಮಾತೂ ಹೌದು.

ಐದು ಬೆರಳು ಜೋಡಿಸಿ ಮೇಲೆತ್ತಿ ತೋರಿಸುತ್ತಾರಲ್ಲ, ಬೈಗುಳವೇ?

ಅಲ್ಲ. ತುತ್ತು ಎತ್ತುವ ಕೈಯನ್ನು ಅಂಗಾತ ತಿರುಗಿಸಿದ ಹಾಗೆ ಕಾಣುವ ಆ ಸನ್ನೆಗೆ 'ರೆಗಾ' ಎಂದರ್ಥ, ಒಂದು ಕ್ಷಣ ತಡೀರಿ. ಬಸ್ಸಿನ ಎದುರು ರಸ್ತೆ ದಾಟುವ ಅಜ್ಜಿಯೂ ತೋರಿಸುತ್ತಾಳೆ. ಹಾಗೆಯೇ ಎತ್ತರದ ದನಿಯೂ ಜಗಳವಲ್ಲ. ಸುತ್ತುಬಳಸದೆ ನೇರ ಹೇಳುವ 'ದುಗ್ರಿ' ಮಾತಿಗೆ ಅಲ್ಲಿ ಮರ್ಯಾದೆಯಿದೆ. 'ನಿಮ್ಮ ಸಾರಿಗೆ ಉಪ್ಪು ಜಾಸ್ತಿ' ಎಂದವರು ಸಾರಿನ ಬಗ್ಗೆಯೇ ಹೇಳಿದ್ದು, ನಿಮ್ಮ ಬಗ್ಗೆಯಲ್ಲ.

ತಾಳ್ಮೆಯನ್ನು ಅಭ್ಯಾಸ ಮಾಡುವ ಕ್ರಮ ಏನಾದರೂ ಇದೆಯೇ?

ಇದೆ, ಅದೂ ಕಾಗದ ಪೆನ್ಸಿಲ್ಲಿನ ಕ್ರಮ. 1808ರಲ್ಲಿ ಮೆಂಡೆಲ್ ಲೆಫಿನ್ ಎಂಬ ಯಹೂದಿ ವಿದ್ವಾಂಸ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನ ವಿಧಾನವನ್ನು ಹೀಬ್ರೂಗೆ ಒಗ್ಗಿಸಿದ. ಹದಿಮೂರು ಗುಣಗಳು, ಒಂದೊಂದಕ್ಕೆ ಒಂದು ವಾರ. ವರ್ಷದಲ್ಲಿ ನಾಲ್ಕು ಸುತ್ತು ಬಂದರೆ 52 ವಾರ. ಮನಃಶಾಂತಿಯ ಮರುವಾರವೇ ಸವ್ಲಾನುತ್‌ನ ಸರದಿ. ಮುಂದೆ ರಬ್ಬಿ, ಎಂದರೆ ಯಹೂದಿ ಧರ್ಮಗುರು, ಇಸ್ರೇಲ್ ಸಲಾಂತರ್ (ನಿಧನ 1883) ಮತ್ತು ನಡತೆ ತಿದ್ದಿಕೊಳ್ಳುವುದಕ್ಕೆ ಒತ್ತು ಕೊಟ್ಟ ಅವರ ಮುಸಾರ್ ಚಳವಳಿಯವರು ಇದನ್ನು ಹರಡಿದರು.

ಮಾಡುವುದು ಹೀಗೆ. ಒಂದು ಹಾಳೆಯಲ್ಲಿ ಏಳು ಅಂಕಣ ಎಳೆಯಿರಿ, ದಿನಕ್ಕೊಂದು. ಅಡ್ಡಸಾಲಿಗೆ 'ಸಾಲು', 'ಫೋನು', 'ಮನೆಯವರು', 'ರಸ್ತೆ' ಎಂದು ನಿಮಗೆ ಸಿಟ್ಟು ಬರುವ ಜಾಗಗಳನ್ನು ಬರೆಯಿರಿ. ಇದು ಮೂಲದ್ದಲ್ಲ, ಆದರೆ ಹಬ್ಬದ ಮುಂಚಿನ ವಾರಗಳಿಗೆ ಹದಿಮೂರು ಗುಣಗಳಿಗಿಂತ ಒಂದೇ ಗುಣದ ನಾಲ್ಕು ಜಾಗ ಮೇಲು. ರಾತ್ರಿ ಮಲಗುವ ಮುಂಚೆ ತಪ್ಪಿದ ಕಡೆ ಚುಕ್ಕೆಯಿಡಿ. ಕಾರಣ, ಸಮಜಾಯಿಷಿ ಬರೆಯಬೇಡಿ. ಬರೆಯತೊಡಗಿದರೆ ಅದು ಇನ್ನೊಬ್ಬರ ಮೇಲಿನ ದೂರುಪಟ್ಟಿಯಾಗುತ್ತದೆ. ವಾರದ ಕೊನೆಗೆ ಚುಕ್ಕೆ ಎಲ್ಲಿ ಗುಂಪಾಗಿವೆ ನೋಡಿ. ಬಹುಮಂದಿಗೆ ಅವು ಒಂದೇ ಹೊತ್ತಿನಲ್ಲಿ, ಊಟಕ್ಕೆ ಮುಂಚಿನ ಒಂದು ಗಂಟೆಯಲ್ಲಿ, ಗುಂಪಾಗಿರುತ್ತವೆ. ಅದಕ್ಕೆ ಔಷಧಿ ಧ್ಯಾನವಲ್ಲ, ನಾಲ್ಕು ಬಿಸ್ಕತ್ತು.

ಹಬ್ಬದ ಮುಂಚಿನ ತಾಳ್ಮೆಗೆ ಯಹೂದಿಗಳು ಕೊಡುವ ಹಳೆಯ ಮಾದರಿ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಗುರು ಹಿಲ್ಲೆಲ್. ಅವರನ್ನು ಕೆರಳಿಸುತ್ತೇನೆಂದು ಒಬ್ಬ 400 ಝೂಝ್ (ಬೆಳ್ಳಿ ನಾಣ್ಯ) ಪಂದ್ಯ ಕಟ್ಟಿದ್ದನಂತೆ. ಶನಿವಾರದ ವಿಶ್ರಾಂತಿ ದಿನ ಸಬ್ಬತ್ತಿನ ಮುನ್ನಾದಿನ, ಹಿಲ್ಲೆಲ್ ತಲೆ ತೊಳೆಯುತ್ತಿದ್ದ ಹೊತ್ತೇ ಆರಿಸಿಕೊಂಡು ಬಾಗಿಲಲ್ಲಿ ಕೂಗಿದ. ಬಟ್ಟೆ ಸುತ್ತಿಕೊಂಡು ಹೊರಬಂದರೆ ಕೇಳಿದ್ದು: ಬ್ಯಾಬಿಲೋನಿನವರ ತಲೆ ಯಾಕೆ ದುಂಡಗಿದೆ? ಹೀಗೆ ಮೂರು ಸಲ ಕರೆದು ಮೂರು ತಲೆಹರಟೆ ಪ್ರಶ್ನೆ ಕೇಳಿದ, ಮೂರಕ್ಕೂ ಸಾವಧಾನದ ಉತ್ತರ ಸಿಕ್ಕಿತು, ಪಂದ್ಯದ ಹಣ ಹೋಯಿತು. ಶುಕ್ರವಾರ ಮಧ್ಯಾಹ್ನ ಒದ್ದೆ ತಲೆಯಲ್ಲಿ ಬಾಗಿಲು ತೆರೆದವರಿಗೆ ಇದರ ಬೆಲೆ ಗೊತ್ತು.

ಯೋಮ್ ಕಿಪ್ಪೂರ್‌ಗೆ ಮುಂಚೆ ಕ್ಷಮೆ ಕೇಳುವ ಸರಿಯಾದ ಕ್ರಮ ಯಾವುದು?

ಯಹೂದಿಗಳ ಪ್ರಾಚೀನ ಕಟ್ಟಳೆಗಳ ಸಂಗ್ರಹ ಮಿಶ್ನಾದ ನಿಯಮ ಖಡಾಖಂಡಿತ: ದೇವರಿಗೆ ಮಾಡಿದ ತಪ್ಪನ್ನು ಆ ದಿನ ಅಳಿಸುತ್ತದೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರು ಸಮಾಧಾನವಾಗುವವರೆಗೂ ಅಳಿಸುವುದಿಲ್ಲ. ಹಾಗಾಗಿ ರೋಶ್ ಹಶಾನಾದಿಂದ ಶುರುವಾಗುವ ಹತ್ತು ದಿನ ಇಡೀ ದೇಶ ಕ್ಷಮೆ ಕೇಳುತ್ತಿರುತ್ತದೆ.

ಮೊದಲು ಸಾಲ, ಕೊಡಬೇಕಾದ ಕೂಲಿ, ಮುರಿದ ವಸ್ತುವಿನ ಬೆಲೆ ಚುಕ್ತಾ ಮಾಡಿ. ಹಣ ಇಟ್ಟುಕೊಂಡು ಕೇಳುವ ಕ್ಷಮೆಗೆ ಬೆಲೆಯಿಲ್ಲ. ಆಮೇಲೆ ಹೊತ್ತು ನೋಡಿ. ಸಿಟ್ಟು ಉರಿಯುತ್ತಿರುವಾಗ ಸಮಾಧಾನ ಮಾಡಲು ಹೋಗಬೇಡ ಎಂದು ರಬ್ಬಿಗಳೇ ಹೇಳಿದ್ದಾರೆ. ಹೋದಾಗ ತಪ್ಪನ್ನು ಹೆಸರಿಸಿ: 'ಕಳೆದ ತಿಂಗಳು ನಿಮ್ಮ ಮಗಳೆದುರು ನಿಮಗೆ ಕೂಗಾಡಿದೆ.' ಹೇಳುವವರು ಗಂಡಸಾದರೆ 'ಅನಿ ಮೆವಕೇಶ್ ಸ್ಲಿಖಾ', ಹೆಂಗಸಾದರೆ 'ಅನಿ ಮೆವಕೇಶೆತ್ ಸ್ಲಿಖಾ', ಕ್ಷಮೆ ಕೇಳುತ್ತೇನೆ ಎಂದು. ಅಲ್ಲಿಗೆ ನಿಲ್ಲಿಸಿ. 'ಆದರೆ ನೀವೂ...' ಎಂದು ಬಾಯಿಗೆ ಬಂದರೆ ನುಂಗಿಕೊಳ್ಳಿ.

ಒಪ್ಪದಿದ್ದರೆ? ಹನ್ನೆರಡನೇ ಶತಮಾನದ ಯಹೂದಿ ಶಾಸ್ತ್ರಕಾರ ಮೈಮೊನಿಡೀಸ್ ಪ್ರಕಾರ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಬೇಕು, ಹೀಗೆ ಮೂರು ಸಲ. ಆಮೇಲೂ ಒಪ್ಪದವರದೇ ದೋಷ, ಬಿಟ್ಟುಬಿಡಬಹುದು. ನಿಮ್ಮ ಗುರುವಾದರೆ ಮಾತ್ರ ಲೆಕ್ಕವಿಲ್ಲ, ಸಾವಿರ ಸಲವಾದರೂ ಹೋಗಬೇಕು. ತಪ್ಪು ಸಂದವರು ತೀರಿಹೋಗಿದ್ದರೆ ಹತ್ತು ಮಂದಿಯೊಂದಿಗೆ ಸಮಾಧಿಯ ಬಳಿ ಹೋಗಿ ಒಪ್ಪಿಕೊಳ್ಳುವುದು.

ಕೆಡುವುದು ಎಲ್ಲಿ ಗೊತ್ತೇ? ವಾಟ್ಸ್ಆ್ಯಪ್ಪಿನಲ್ಲಿ. 'ಈ ವರ್ಷ ಯಾರಿಗಾದರೂ ತಿಳಿಯದೆ ನೋಯಿಸಿದ್ದರೆ ಕ್ಷಮಿಸಿ' ಎಂಬ ಒಂದೇ ಸಂದೇಶ ಇನ್ನೂರು ಜನಕ್ಕೆ ಹೋಗುತ್ತದೆ. ಶುಭಾಶಯವಾಗಿ ತೊಂದರೆಯಿಲ್ಲ, ಕ್ಷಮೆಯಾಗಿ ಸೊನ್ನೆ. ನಿಜವಾಗಿ ನೊಂದ ಒಬ್ಬರಿಗೆ ಅದು ಎರಡನೇ ಗಾಯ. ಇನ್ನೊಂದು ಸೂಕ್ಷ್ಮ: ನೀವು ಬೆನ್ನ ಹಿಂದೆ ಆಡಿದ ಮಾತು ಅವರಿಗೆ ಗೊತ್ತೇ ಇಲ್ಲದಿದ್ದರೆ, ಹೋಗಿ ಹೇಳಿ ನೋಯಿಸಬೇಕೇ? ಇದರ ಬಗ್ಗೆ ರಬ್ಬಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಹೇಳದೆ, ಅದೇ ಜನರೆದುರು ನಿಮ್ಮ ಮಾತನ್ನು ತಿದ್ದುವುದು ಮೇಲು ಎನ್ನಿಸುತ್ತದೆ.

ನನ್ನ ಹತ್ತಿರ ಕೇಳಿದರೆ ಕ್ಷಮಿಸಲೇಬೇಕೇ?

ಮನಃಪೂರ್ವಕ ಕೇಳಿದವರನ್ನು ಕ್ಷಮಿಸದೆ ಬಿಗಿದುಕೊಂಡಿರುವುದು ಕ್ರೌರ್ಯ ಎನ್ನುತ್ತದೆ ಶಾಸ್ತ್ರ. ಆದರೆ ಸುಳ್ಳು ಅಪವಾದ ಹಬ್ಬಿಸಿದವರನ್ನು ಕ್ಷಮಿಸಲೇಬೇಕೆಂಬ ಕಟ್ಟಳೆಯಿಲ್ಲ ಎಂದು ಹದಿನಾರನೇ ಶತಮಾನದ ರಬ್ಬಿ ಮೋಶೆ ಇಸ್ಸೆರ್ಲೆಸ್ ಸ್ಪಷ್ಟಪಡಿಸಿದ್ದಾರೆ. 'ಹಬ್ಬ ಬಂತು, ಮರೆತುಬಿಡು' ಎಂದು ಮೂರನೆಯವರು ನೊಂದವರ ಮೇಲೆ ಒತ್ತಡ ಹಾಕುವುದಕ್ಕೆ ಈ ಸಂಪ್ರದಾಯದಲ್ಲಿ ಆಧಾರವಿಲ್ಲ. ಹೊಡೆತ, ಕೂಲಿ ಕದಿಯುವುದು ಇವೆಲ್ಲ ಸವ್ಲಾನುತ್‌ನ ಮೂಟೆಗಳಲ್ಲ.

ಪೇಸಖ್‌ಗೆ ಮುಂಚೆ ಅಡುಗೆಮನೆ ರಣರಂಗವಾಗುತ್ತದೆ. ಏನು ಮಾಡುವುದು?

ಆ ಏಳು ದಿನ ಮನೆಯಲ್ಲಿ ಖಮೇತ್ಸ್ ಇರಬಾರದು. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯಗಳು ನೀರು ತಾಗಿ ಹುದುಗಿದರೆ ಖಮೇತ್ಸ್. ಬ್ರೆಡ್ಡು, ಬಿಸ್ಕತ್ತು, ಬಿಯರ್ ಎಲ್ಲವೂ ಇದರೊಳಗೆ. ಜಗಳಕ್ಕೆ ಮೂಲ ಕಾರಣ, ಖಮೇತ್ಸ್ ಹುಡುಕುವ ಕೆಲಸವನ್ನು ವರ್ಷದ ಮಹಾಶುಚಿಯ ಜೊತೆ ಬೆರೆಸುವುದು. ಧೂಳು ಖಮೇತ್ಸ್ ಅಲ್ಲ. ಪರದೆ ಒಗೆಯುವುದು, ಕಿಟಕಿ ಉಜ್ಜುವುದು ಬೇಕಾದರೆ ಒಂದು ತಿಂಗಳ ಮುಂಚೆ ಮಾಡಿ. ಕೊನೆಯ ವಾರಕ್ಕೆ ತಿಂಡಿ ತಿನ್ನುವ ಜಾಗಗಳು ಮಾತ್ರ ಇರಲಿ: ಫ್ರಿಜ್ಜು, ಒಲೆ, ಊಟದ ಮೇಜು, ಸೋಫಾದ ಸಂದಿ, ಮಕ್ಕಳ ಚೀಲ, ಕಾರಿನ ಸೀಟು. ಒಳಗಿನಿಂದ ಶುರುಮಾಡಿ ಅಡುಗೆಮನೆಯನ್ನು ಕೊನೆಗೆ ಮುಗಿಸಿ. ಮುಗಿಸಿದ ಕೋಣೆಗೆ ಆಮೇಲೆ ಯಾರೂ ತಿಂಡಿ ಒಯ್ಯಬಾರದು. ಈ ಒಂದು ನಿಯಮ ಮುರಿದದ್ದಕ್ಕೇ ಅರ್ಧ ಕೂಗಾಟ. ಹಬ್ಬದ ಹಿಂದಿನ ದಿನದ ರಾತ್ರಿ ಮೇಣದಬತ್ತಿ, ಹಕ್ಕಿಗರಿ, ಮರದ ಚಮಚ ಹಿಡಿದು ಹುಡುಕುತ್ತಾರೆ. ಹುಡುಕಿದ್ದಕ್ಕೆ ಏನಾದರೂ ಸಿಗಲಿ ಎಂದು ಬ್ರೆಡ್ಡಿನ ಹತ್ತು ತುಣುಕು ಮೊದಲೇ ಅಡಗಿಸಿಡುವ ರೂಢಿಯಿದೆ. ಎಲ್ಲಿಟ್ಟಿರಿ ಎಂದು ಚೀಟಿಯಲ್ಲಿ ಬರೆದಿಡಿ. ಒಂಬತ್ತೇ ಸಿಕ್ಕರೆ ರಾತ್ರಿ ಹನ್ನೆರಡಾಗುತ್ತದೆ.

ಒಂದು ಎಚ್ಚರಿಕೆ, ಇದು ತಾಳ್ಮೆಗಿಂತ ದೊಡ್ಡದು. ನೆಲಕ್ಕೆ ನೀರು ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುವ 'ಸ್ಪೊಂಜಾ'ಕ್ಕೆ ಬಳಸುವ ಬ್ಲೀಚಿನ ಅಲ್ಲಿನ ಹೆಸರು 'ಎಕೊನೊಮಿಕಾ'. ನೀರಿನ ಬಿಳಿ ಕಲೆ ತೆಗೆಯುವ ಆ್ಯಸಿಡ್ ದ್ರಾವಣದೊಂದಿಗೆ ಇದನ್ನು ಎಂದಿಗೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಅವಸರದಲ್ಲಿ, ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಕ್ಕೆ ಕುತ್ತು. ಘಾಟು ಹೊಡೆದರೆ ತಕ್ಷಣ ಹೊರಬಂದು ಬಾಗಿಲು ತೆರೆದಿಡಿ, 101ಕ್ಕೆ ಕರೆಮಾಡಿ.

ಪೇಸಖ್‌ನಲ್ಲಿ ತಿನ್ನುವ, ಹುದುಗಿಸದ ಮಾತ್ಸಾ ರೊಟ್ಟಿ ಮಾಡುವಲ್ಲಂತೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಬೇಕು. ಆ ಧಾವಂತದಲ್ಲಿ ಯಾವುದಕ್ಕೆ ಹೆಚ್ಚು ಜೋಪಾನ ಬೇಕು ಎಂದು ಶಿಷ್ಯರು ಕೇಳಿದಾಗ, ನಾದುವ ಹೆಂಗಸು ವಿಧವೆ, ಅವಳ ಮೇಲೆ ರೇಗಬೇಡಿ ಎಂದರಂತೆ ಸಲಾಂತರ್.

ಪೇಸಖ್ ಹೊತ್ತಿನಲ್ಲಿ ಅನ್ನ ಮಾಡಿಕೊಳ್ಳಬಹುದೇ?

ಮನೆಯವರ ಮೂಲ ನೋಡಿ. ಪೂರ್ವ ಯುರೋಪಿನ ಅಶ್ಕೆನಾಝಿ ಸಂಪ್ರದಾಯದವರು ಅಕ್ಕಿ, ಬೇಳೆಕಾಳು, ಮೆಕ್ಕೆಜೋಳವನ್ನೂ ಬಿಡುತ್ತಾರೆ. ಇವಕ್ಕೆ ಕಿತ್ನಿಯೋತ್ ಎನ್ನುತ್ತಾರೆ. ಉತ್ತರ ಆಫ್ರಿಕಾ, ಇರಾಕ್, ಭಾರತದ ಮೂಲದವರಲ್ಲಿ ಹಲವರು ಅನ್ನ ಉಣ್ಣುತ್ತಾರೆ. ಒಂದೇ ಮಹಡಿಯ ಎದುರುಬದುರು ಮನೆಗಳಲ್ಲಿ ಈ ವ್ಯತ್ಯಾಸ ಸಾಮಾನ್ಯ. ಅಳಿಯ ಅನ್ನ ಉಂಡು ಅತ್ತೆ ಉಣ್ಣದ ಮನೆಗಳೂ ಇವೆ. ಸೊವ್ಲಾನುತ್‌ನ ಪಾಠ ಅವರು ನೂರಾರು ವರ್ಷದಿಂದ ಮೇಜಿನ ಮೇಲೇ ಕಲಿಯುತ್ತಿದ್ದಾರೆ. ಅಂಗಡಿಯಲ್ಲಿ ಬ್ರೆಡ್ಡಿನ ಕಪಾಟುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಖಮೇತ್ಸನ್ನು ಮಾರಾಟಕ್ಕೆ ಬಹಿರಂಗವಾಗಿ ಇಡುವುದನ್ನು 1986ರ ಕಾನೂನು ತಡೆಯುತ್ತದೆ. ಹಾಳೆ ಸರಿಸಿ ತೆಗೆದುಕೊಂಡು ಗಲ್ಲಾದವರ ಜೊತೆ ವಾದಕ್ಕಿಳಿಯಬೇಡಿ.

ಯೋಮ್ ಕಿಪ್ಪೂರ್ ದಿನ ಯಹೂದಿಯಲ್ಲದವರು, ಆಚರಿಸದವರು ಹೇಗಿರಬೇಕು?

ಸುಮಾರು 25 ಗಂಟೆ ದೇಶ ನಿಲ್ಲುತ್ತದೆ. ಬೆನ್ ಗುರಿಯೋನ್ ವಿಮಾನನಿಲ್ದಾಣ ಮುಚ್ಚಿರುತ್ತದೆ, ಟೀವಿ ರೇಡಿಯೊ ಮೌನ. ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ ತುಳಿಯುತ್ತಾರೆ. ಕಾರು ಓಡಿಸಬಾರದೆಂಬ ಕಾನೂನಿಲ್ಲ, ರೂಢಿಯಿದೆ. ಆ ರೂಢಿಯ ಬಿಗಿ ಎಷ್ಟೆಂದರೆ, 2008ರ ಅಕ್ಟೋಬರಿನಲ್ಲಿ ಅಕ್ಕೋ ಪಟ್ಟಣದ ಯಹೂದಿ ಬಡಾವಣೆಗೆ ಆ ರಾತ್ರಿ ಒಬ್ಬ ಅರಬ್ ನಾಗರಿಕ ಕಾರು ಓಡಿಸಿಕೊಂಡು ಬಂದದ್ದರಿಂದ ಹತ್ತಿದ ಕಿಡಿ ದಿನಗಟ್ಟಲೆ ಗಲಭೆಯಾಯಿತು, ಅರಬ್ ಮನೆಗಳು ಸುಟ್ಟವು. ಯಹೂದಿಗಳ ನಡುವೆಯೂ ಹೀಗೆ. 2023ರಲ್ಲಿ ಟೆಲ್ ಅವೀವ್‌ನ ಡಿಝೆಂಗಾಫ್ ಚೌಕದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಕೂರುವಂತೆ ಅಡ್ಡಗಟ್ಟಿ ಪ್ರಾರ್ಥನೆ ಮಾಡಬಹುದೇ ಎಂಬ ವಿಷಯಕ್ಕೆ ಉಪವಾಸದ ಸಂಜೆಯೇ ತಳ್ಳಾಟವಾಯಿತು. ಸಾರ್ವಜನಿಕ ಜಾಗ ಯಾರದು ಎಂಬ ಪ್ರಶ್ನೆಗೆ ಸೊವ್ಲಾನುತ್ ಒಂದೇ ಉತ್ತರ ಕೊಡುವುದಿಲ್ಲ. ಎರಡು ಕಡೆಯವರೂ ಅದೇ ಪದ ಹಿಡಿದು ವಾದಿಸುತ್ತಾರೆ.

ನಿಮ್ಮ ಮಟ್ಟಿಗೆ: ಕಾರು ಮುಟ್ಟಬೇಡಿ. ಊಟವನ್ನು ಮನೆಯೊಳಗೆ ಮಾಡಿ, ಹಿಂದಿನ ದಿನವೇ ಬೇಯಿಸಿಟ್ಟುಕೊಳ್ಳಿ. ಬಾಲ್ಕನಿಯಲ್ಲಿ ಒಗ್ಗರಣೆಯ ಘಮ ಉಪವಾಸದವರಿಗೆ ಶಿಕ್ಷೆ. ಬೇಕಾದವರಿಗೆ 'ತ್ಸೋಮ್ ಕಾಲ್', ಉಪವಾಸ ಹಗುರಾಗಲಿ, ಎನ್ನಿ. ಆಂಬುಲೆನ್ಸ್ ಓಡಾಡುತ್ತದೆ, ಜೀವಕ್ಕೆ ಅಪಾಯವಿದ್ದರೆ ಯಾವ ನಿಯಮವೂ ಅಡ್ಡಬಾರದು.

ನಾನು ನೋಡಿಕೊಳ್ಳುವ ಹಿರಿಯರು ಮಾತ್ರೆ ಬಿಟ್ಟು ಉಪವಾಸ ಮಾಡುತ್ತೇನೆಂದು ಹಟ ಹಿಡಿದರೆ?

ಕರಾವಳಿಯಿಂದ ಹೋಗಿ ಅಲ್ಲಿ ಆರೈಕೆಯ ಕೆಲಸ ಮಾಡುವವರಿಗೆ ಇದು ಪ್ರತಿವರ್ಷದ ತಲೆನೋವು. ಉಪವಾಸದ ದಿನ ವಾದ ಮಾಡಿದರೆ ಸೋಲು ಖಂಡಿತ. ಒಂದು ವಾರ ಮುಂಚೆ ಮನೆಯವರ ಮೂಲಕ ವೈದ್ಯರಿಂದ ಬರಹದಲ್ಲಿ ಸಲಹೆ ಪಡೆಯಿರಿ. ನಂತರ ಆ ಹಿರಿಯರು ನಂಬುವ ರಬ್ಬಿಗೆ ಫೋನು ಮಾಡಿಸಿ. ಪ್ರಾಣ ಉಳಿಸುವುದು ಉಪವಾಸಕ್ಕಿಂತ ದೊಡ್ಡದು ಎಂಬುದು ಅವರದೇ ಶಾಸ್ತ್ರ. ಪೂರ್ತಿ ಉಣ್ಣಲು ಒಪ್ಪದವರಿಗೆ ಸ್ವಲ್ಪಸ್ವಲ್ಪವೇ ಕೊಡುವ ದಾರಿಯಿದೆ: ಸುಮಾರು 30ರಿಂದ 40 ಮಿಲಿಲೀಟರ್, ಒಂಬತ್ತು ನಿಮಿಷ ಬಿಟ್ಟು ಮತ್ತೆ. ಅಳತೆಯ ಲೋಟ, ಗಡಿಯಾರ ಹಿಂದಿನ ದಿನವೇ ಮಂಚದ ಪಕ್ಕ ಇಡಿ. ಸರಿಯಾದ ಪ್ರಮಾಣ ವೈದ್ಯರು, ರಬ್ಬಿ ಹೇಳಿದ್ದೇ ಆಗಲಿ. ರಬ್ಬಿ ಹೇಳಿದ ಮಾತನ್ನು ಆ ದಿನ ನೀವು ನೆನಪಿಸಿದರೆ ಸಾಕು, ಬೇರೆ ವಾದ ಬೇಡ.

ಹಬ್ಬದ ಗದ್ದಲದಲ್ಲಿ ನನ್ನ ರಜೆ ಕೇಳುವುದು ಹೇಗೆ?

ಆರೈಕೆಯ ಕೆಲಸದವರಿಗೆ ಹಬ್ಬದ ರಜೆ ವರ್ಷಕ್ಕೆ 9 ದಿನ. ಯಹೂದಿ ಹಬ್ಬಗಳಂತೆಯೋ ನಿಮ್ಮ ಧರ್ಮದ ಹಬ್ಬಗಳಂತೆಯೋ ಆರಿಸಿಕೊಳ್ಳಬಹುದು. ಆಯ್ಕೆಯನ್ನು ಕೆಲಸಕ್ಕೆ ಸೇರಿದಾಗಲೇ ತಾರೀಖುಗಳ ಸಮೇತ ಬರೆದುಕೊಡಿ. ಮಂಗಳೂರು, ಉಡುಪಿಯ ಕ್ರೈಸ್ತರ ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ. 2026ರಲ್ಲಿ ಅದು ರೋಶ್ ಹಶಾನಾಕ್ಕೆ ಮೂರೇ ದಿನ ಮುಂಚೆ, ಮನೆಯವರು ಬೇಡ ಎನ್ನಲು ಎಲ್ಲ ಕಾರಣ ಇರುವ ವಾರ. ಆಗಸ್ಟ್ ಮೊದಲ ವಾರದಲ್ಲೇ ಕೇಳಿ, ಆ ದಿನ ನೋಡಿಕೊಳ್ಳುವವರು ಯಾರು ಎಂದೂ ಅವರಿಂದಲೇ ನಿಗದಿ ಮಾಡಿಸಿ. 'ಇಹ್ಯೇ ಬೆಸೇದೆರ್', ಎಲ್ಲ ಸರಿಹೋಗುತ್ತದೆ, ಎಂಬ ಉತ್ತರ ಒಪ್ಪಿಗೆಯಲ್ಲ. ಹೌದು ಅಥವಾ ಇಲ್ಲ ಎಂದು ಮೊಬೈಲ್ ಸಂದೇಶದಲ್ಲಿ ಬರಲಿ.

ಉಪವಾಸ ಮುಗಿದ ರಾತ್ರಿ ಕಟ್ಟಡವೆಲ್ಲ ಸುತ್ತಿಗೆ ಸದ್ದು. ದೂರು ಕೊಡಬಹುದೇ?

ಅದು ಸುಕ್ಕಾ ಕಟ್ಟುವ ಸದ್ದು. ಯೋಮ್ ಕಿಪ್ಪೂರ್ ಮುಗಿದ ರಾತ್ರಿಯೇ ಮುಂದಿನ ಹಬ್ಬದ ಚಪ್ಪರಕ್ಕೆ ಮೊದಲ ಮೊಳೆ ಹೊಡೆಯುವುದು ರೂಢಿ. ಒಂದೆರಡು ಗಂಟೆಯಲ್ಲಿ ತಣ್ಣಗಾಗುತ್ತದೆ. ಚಪ್ಪರದ ಮೇಲೆ ಆಕಾಶ ಬಿಟ್ಟು ಬೇರೇನೂ ಇರಬಾರದು, ಹಾಗಾಗಿ ನಿಮ್ಮ ಬಾಲ್ಕನಿಯ ಕೆಳಗೆ ಅವರ ಸುಕ್ಕಾ ಬಂದರೆ ಅವರಿಗೇ ತೊಡಕು, ಅಂಗಳದಲ್ಲಿ ನಿಮ್ಮ ಗಾಡಿ ನಿಲ್ಲುವ ಜಾಗ ಕೇಳಿಕೊಂಡು ಬರಬಹುದು. ಏಳೆಂಟು ದಿನದ ಮಾತು. ಕೊಡುವುದಾದರೆ ಎಂದು ಬಿಚ್ಚುತ್ತೀರಿ ಎಂದು ಆಗಲೇ ಕೇಳಿಟ್ಟುಕೊಳ್ಳಿ. ಅದಕ್ಕೂ 'ಅಖರೇ ಹಾಖಗೀಮ್' ಎಂದರೆ ತಾರೀಖು ಬರೆಸಿಕೊಳ್ಳಿ.